ಒಣ ಕಸ ಕೇಂದ್ರಕ್ಕೆ ಎಂಟು ತಿಂಗಳಿಂದ ಹೋಗ್ತಿದೀನಿ, ನಾಲ್ಕು ಸ್ಟಾರ್ ಕೊಡ್ತೀನಿ

ಹೋಟ್ಲು, ಮಿಕ್ಸಿ, ಮೊಬೈಲು ಬಗ್ಗೆ ರಿವ್ಯೂ ಬರೀತಾರೆ, ಕಸದ ಶೆಡ್ಡಿಗೆ ಯಾರು ಬರೀತಾರೆ ಅಂತ ನಮ್ಮನೇಲಿ ನಗಾಡ್ತಿದಾರೆ. ನಗ್ಲಿ. ನಾನು ಮೊದಲ ಸಲ ಮ್ಯಾಪಲ್ಲಿ ಹುಡುಕ್ದಾಗ ಈ ಜಾಗಕ್ಕೆ ಇದ್ದಿದ್ದು ಎರಡೇ ರಿವ್ಯೂ. ಒಬ್ರು ಗಬ್ಬು ವಾಸನೆ ಅಂತ ಬರೆದು ಒಂದು ಸ್ಟಾರ್ ಕೊಟ್ಟಿದ್ರು, ಇನ್ನೊಬ್ರು ಏನೂ ಬರೀದೆ ಐದು ಒತ್ತಿದ್ರು. ಏನ್ ತಗೋತಾರೆ, ಏನ್ ತಗೊಳಲ್ಲ, ಎಷ್ಟೊತ್ತಿಗೆ ಹೋಗ್ಬೇಕು, ನಾವು ದುಡ್ಡು ಕೊಡ್ಬೇಕಾ ಅವ್ರೇ ಕೊಡ್ತಾರಾ, ಒಂದೂ ಗೊತ್ತಾಗ್ಲಿಲ್ಲ. ಅದಕ್ಕೇ ಉದ್ದಕ್ಕೆ ಬರೀತಿದೀನಿ. ಬೆಂಗಳೂರು ದಕ್ಷಿಣದ ಕಡೆ ಒಂದು ವಾರ್ಡು ಅಂದ್ಕೊಳಿ, ಹೆಸರು ಹಾಕಲ್ಲ, ಕೆಳಗೆ ಸ್ವಲ್ಪ ಬೈದಿದೀನಿ, ಅಲ್ಲಿ ದುಡಿಯೋರಿಗೆ ಅದ್ರಿಂದ ತೊಂದ್ರೆ ಆಗ್ಬಾರ್ದು.

ಗೊತ್ತಿಲ್ದೋರಿಗೆ ಹೇಳ್ತೀನಿ, ಬೆಂಗಳೂರಲ್ಲಿ ಹೆಚ್ಚುಕಮ್ಮಿ ಎಲ್ಲಾ ವಾರ್ಡಿಗೂ ಒಂದೊಂದು ಒಣ ಕಸ ಸಂಗ್ರಹಣಾ ಕೇಂದ್ರ ಅಂತ ಇರತ್ತೆ, ಡಿಡಬ್ಲ್ಯೂಸಿಸಿ ಅಂತಾರೆ. ನಮ್ದು ನೀರಿನ ಟ್ಯಾಂಕ್ ಹಿಂದುಗಡೆ, ತಗಡಿನ ಶೀಟ್ ಹಾಕಿರೋ ಶೆಡ್ಡು. ಅದ್ರ ಮುಂದೇನೇ ನಾನು ಹನ್ನೊಂದು ವರ್ಷ ಗಾಡಿ ಓಡಿಸ್ಕೊಂಡು ಹೋಗಿದೀನಿ, ಯಾರದ್ದೋ ಗುಜರಿ ಗೋಡೌನು ಅಂದ್ಕೊಂಡಿದ್ದೆ. 2025ರಲ್ಲಿ ಬಿಬಿಎಂಪಿ ಹೋಗಿ ಜಿಬಿಎ, ಅಂದ್ರೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಐದು ಪಾಲಿಕೆ ಆಯ್ತು, ನಮ್ ಶೆಡ್ಡಿನ ಬೋರ್ಡಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ನಾನು ಹೋಗೋ ಹಾಗೆ ಆಗಿದ್ದು ರಟ್ಟಿನ ಡಬ್ಬಗಳಿಂದ. ಹಬ್ಬದ ಸೇಲಲ್ಲಿ ತರಿಸಿದ್ದು ಎಲ್ಲಾ ಸೇರಿ ಬಾಲ್ಕನಿಲಿ ಕಾಲಿಡಕ್ಕೆ ಜಾಗ ಇರ್ಲಿಲ್ಲ. ಬೆಳಿಗ್ಗೆ ಹಾಡು ಹಾಕ್ಕೊಂಡು ಬರೋ ಆಟೋ ಟಿಪ್ಪರ್‌ನೋರು ಇವತ್ತು ಹಸಿ ಕಸ ಮಾತ್ರ ಸಾರ್ ಅಂದ್ರು, ಒಣ ಕಸದ ಗಾಡಿ ಬರೋ ದಿನ ನಾನು ಏಳೋಷ್ಟರಲ್ಲಿ ಗಾಡಿ ಹೋಗಿರ್ತಿತ್ತು, ಮೂರು ವಾರ ಹಿಂಗೇ ಆದ್ಮೇಲೆ ಒಂದಿನ ರೇಗಿ ಎಲ್ಲಾ ಸ್ಕೂಟರ್ ಮೇಲೆ ಹೇರ್ಕೊಂಡು, ಜೊತೆಗೆ ಮನೇಲಿದ್ದ ಒಣ ಕಸದ ಚೀಲಾನೂ ಎತ್ಕೊಂಡು ಹೋದೆ.

ಅಲ್ಲಿ ಒಬ್ಬ ಅಕ್ಕ ನನ್ ಚೀಲ ತಗೊಂಡು ಟೇಬಲ್ ಮೇಲೆ ಸುರಿದ್ರು. ನಾನು ಕೊಟ್ಟು ವಾಪಸ್ ಬರೋಣ ಅಂತ ತಿರುಗಿದ್ದೆ. ಸಾರ್ ಒಂದ್ ನಿಮಿಷ ಅಂದ್ರು. ಕೈಗೆ ಗ್ಲೌಸ್ ಇತ್ತು, ಅದ್ರಲ್ಲಿ ಒಂದು ಶೇವಿಂಗ್ ಬ್ಲೇಡ್ ಎತ್ತಿ ಹಿಡಿದ್ರು. "ಇದು ನಿಮ್ದೇನಾ? ಗ್ಲೌಸ್ ಹರ್ಕೊಂಡು ಒಳಗೋದ್ರೆ ಆಸ್ಪತ್ರೆ ಖರ್ಚು ನೀವ್ ಕೊಡ್ತೀರಾ?" ಜೋರಾಗೇನೂ ಹೇಳ್ಲಿಲ್ಲ. ಆಮೇಲೆ ಟೇಬಲ್ ಮೇಲೆ ಬಿದ್ದಿದ್ದು ನೋಡಿದ್ರೆ ಅರ್ಧ ಪನೀರ್ ಗ್ರೇವಿ ಇರೋ ಪಾರ್ಸಲ್ ಡಬ್ಬಿ, ಅದು ಸೋರಿ ಮೂರು ದಿನದ ಪೇಪರ್ ಎಲ್ಲಾ ಎಣ್ಣೆ ಎಣ್ಣೆ, ಮೊಸರಿನ ಪ್ಯಾಕೆಟ್ಟು ಹುಳಿ ವಾಸನೆ ಹೊಡೀತಿತ್ತು. ಟಿಪ್ಪರ್‌ಗೆ ಕೊಟ್ರೆ ಇದು ಯಾವ್ದೂ ಕಾಣಲ್ಲ ನಮಗೆ. ಮ್ಯಾಪಲ್ಲಿ ಗಬ್ಬು ವಾಸನೆ ಅಂತ ಬರೆದಿದ್ರಲ್ಲ, ಆ ವಾಸನೆ ನಮ್ಮನೇದೇ ಕಣ್ರೀ.

ಮುಂದಿನ ವಾರ ತೊಳೆದು ಒಣಗಿಸಿ ತಗೊಂಡ್ ಹೋದೆ, ಹೋಮ್‌ವರ್ಕ್ ತೋರ್ಸೋ ಹುಡುಗನ ಥರ. ಆ ಅಕ್ಕಾನೇ ಎಲ್ಲಾ ತೋರಿಸಿದ್ರು. ನಾವು ಒಣ ಕಸ ಅಂತ ಒಂದೇ ಚೀಲಕ್ಕೆ ತುಂಬ್ತೀವಲ್ಲ, ಅಲ್ಲಿ ಅದು ಇಪ್ಪತ್ತಕ್ಕಿಂತ ಜಾಸ್ತಿ ಥರ ಆಗತ್ತೆ. ನೀರಿನ ಬಾಟ್ಲಿ, ಕೂಲ್‌ಡ್ರಿಂಕ್ಸ್ ಬಾಟ್ಲಿ ಪೆಟ್ ಅನ್ನೋ ಪ್ಲಾಸ್ಟಿಕ್ಕು, ಅದ್ರ ಮುಚ್ಚಳ ಬೇರೆ ಪ್ಲಾಸ್ಟಿಕ್ಕು, ಅದಕ್ಕೆ ಬೇರೆ ಚೀಲ. ಶಾಂಪೂ, ಫಿನಾಯಿಲ್ ಬಾಟ್ಲಿ ಒಂದ್ಕಡೆ. ಹಾಲಿನ ಕವರ್ ಒಂದ್ಕಡೆ. ರಟ್ಟು, ಬಿಳಿ ಪೇಪರ್, ನ್ಯೂಸ್‌ಪೇಪರ್ ಮೂರೂ ಬೇರೆ ಬೇರೆ. ಜ್ಯೂಸ್ ಬರೋ ಟೆಟ್ರಾ ಪ್ಯಾಕ್ ನೋಡಕ್ಕೆ ರಟ್ಟಿನ ಹಾಗಿದ್ರೂ ಒಳಗೆ ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಪದರ ಇರತ್ತೆ, ರಟ್ಟಿನ ಜೊತೆ ಹಾಕಂಗಿಲ್ಲ. ಪಾರ್ಸಲ್ ಬರೋ ಕಪ್ಪು ಡಬ್ಬಿಗೆ ಬಿಳಿ ಡಬ್ಬಿಗಿಂತ ರೇಟ್ ಕಮ್ಮಿಯಂತೆ, ಕಪ್ಪನ್ನ ಕರಗಿಸಿದ್ರೆ ಮತ್ತೆ ಕಪ್ಪೇ ಬರೋದು ಅದಕ್ಕೆ. ಎಲ್ಲಾ ಬೇರೆ ಮಾಡಿ ಮಿಷಿನ್ನಲ್ಲಿ ಒತ್ತಿ ದೊಡ್ಡ ದೊಡ್ಡ ಕಟ್ಟು ಮಾಡಿ ಲಾರಿಗೆ ಹಾಕ್ತಾರೆ. ಪೆಟ್ ಬಾಟ್ಲಿ ದಾರ ಆಗಿ ಬಟ್ಟೆ ಆಗತ್ತೆ, ದಪ್ಪ ಬಾಟ್ಲಿಗಳು ಪೈಪು, ಬಕೆಟ್ಟು ಆಗತ್ತೆ.

ಚಿಪ್ಸ್ ಪ್ಯಾಕೆಟ್, ಬಿಸ್ಕೆಟ್ ಕವರ್ ಕಥೆ ಬೇರೆ. ಪ್ಲಾಸ್ಟಿಕ್ ಮೇಲೆ ಲೋಹದ ಪದರ ಅಂಟಿಸಿರ್ತಾರೆ, ಎಂಎಲ್‌ಪಿ ಅಂತಾರೆ, ಬಿಡಿಸಕ್ಕೆ ಆಗಲ್ಲ, ಕೊಳ್ಳೋರೂ ಇಲ್ಲ. ಅಂಥದ್ದೆಲ್ಲಾ ಹೆಚ್ಚಾಗಿ ಸಿಮೆಂಟ್ ಫ್ಯಾಕ್ಟರಿಗೆ ಹೋಗತ್ತೆ, ಅಲ್ಲಿ ಗೂಡಲ್ಲಿ ಕಲ್ಲಿದ್ದಲಿನ ಜೊತೆ ಉರಿಸ್ತಾರೆ. ಅಂದ್ರೆ ನಮ್ ಮಗಳು ತಿಂದ ಕುರುಕಲು ತಿಂಡಿ ಪ್ಯಾಕೆಟ್ ರೀಸೈಕಲ್ ಆಗ್ತಿದೆ ಅಂತ ನಾನು ಇಷ್ಟು ದಿನ ಸಮಾಧಾನ ಮಾಡ್ಕೊಂಡಿದ್ದು ಸುಳ್ಳು, ಸುಡಕ್ಕೆ ಹೋಗ್ತಿದೆ ಅಷ್ಟೇ.

ಇನ್ನೊಂದು ವಿಷ್ಯ, ಇದು ನನಗೆ ತುಂಬಾ ತಡವಾಗಿ ಹೊಳೀತು. ಕೇಂದ್ರ ನಡೆಸೋರ ಹೊಟ್ಟೆ ತುಂಬೋದು ಹೆಚ್ಚಾಗಿ ಈ ಕಸ ಮಾರಿ ಬರೋ ದುಡ್ಡಿಂದ. ರಟ್ಟು, ಪೆಟ್, ಹಾಲಿನ ಕವರಲ್ಲಿ ದುಡ್ಡಿದೆ. ಎಂಎಲ್‌ಪಿ, ಹರಿದ ಚಪ್ಪಲಿ, ತೆಳು ಕವರಲ್ಲಿ ಏನೂ ಇಲ್ಲ, ಬೇರೆ ಮಾಡೋ ಕೂಲಿ, ಸಾಗ್ಸೋ ಬಾಡಿಗೆ ಮೈಮೇಲೆ ಬರತ್ತೆ. ನಾವು ಜಾಣರು ಏನ್ ಮಾಡ್ತೀವಿ, ಬೆಲೆ ಬಾಳೋದೆಲ್ಲಾ ಗುಜರಿಗೆ ಮಾರಿ ಚಿಪ್ಸ್ ಕವರ್ ಮಾತ್ರ ಇವ್ರಿಗೆ ಕೊಡ್ತೀವಿ, ಆಮೇಲೆ ಕೇಂದ್ರ ಸರಿಗೆ ನಡೀತಿಲ್ಲ ಅಂತೀವಿ. ಬೀದೀಲಿ ಚಿಂದಿ ಆಯ್ತಿದ್ದೋರು ಎಷ್ಟೋ ಜನ ಇವತ್ತು ಬೆಂಗಳೂರಲ್ಲಿ ಇಂಥ ಕೇಂದ್ರಗಳನ್ನ ತಾವೇ ನಡೆಸ್ತಿದಾರೆ, ಹಸಿರು ದಳದಂಥ ಸಂಸ್ಥೆಯೋರು ಜೊತೆ ನಿಂತು ಪಾಲಿಕೆಯಿಂದ ಗುರುತಿನ ಚೀಟಿ ಕೊಡಿಸಿದ್ರಿಂದ ಇದು ಆಗಿದ್ದು. ಹಾಗಾಗಿ ನಾನು ರಟ್ಟಿಗೆ ದುಡ್ಡು ಕೇಳಲ್ಲ. ಕೇಳಿದ್ರೆ ಕೆಲವಕ್ಕೆ ಕೊಡ್ತಾರೆ, ಗುಜರಿ ರೇಟಿಗಿಂತ ಸ್ವಲ್ಪ ಕಮ್ಮಿ.

ಈ ವಿಷ್ಯದಲ್ಲಿ ನಮ್ಮಮ್ಮಂಗೂ ನನಗೂ ಜಗಳ ಆಯ್ತು. ಅಮ್ಮ ಮೂವತ್ತು ವರ್ಷದಿಂದ ನಂದಿನಿ ಕವರ್ ತೊಳೆದು ಕಿಟಕಿ ಸರಳಿಗೆ ಅಂಟಿಸಿ ಒಣಗಿಸಿ ನೂರು ನೂರು ಕಟ್ಟಿ ಗುಜರಿಯವ್ರಿಗೆ ಮಾರ್ದೋರು. ಸೆಗ್ರಿಗೇಷನ್ ಅನ್ನೋ ಪದ ಗೊತ್ತಿಲ್ದೇನೇ ಎಲ್ಲಾ ಮಾಡ್ದೋರು ಅವ್ರು. ನೀನು ಪೆಟ್ರೋಲ್ ಹಾಕ್ಕೊಂಡು ಹೋಗಿ ಬಿಟ್ಟಿ ಕೊಟ್ಟು ಬರ್ತೀಯಲ್ಲೋ, ಪೇಪರ್ ತಗೊಂಡ್ ಹೋಗಕ್ಕೆ ಬರೋ ಸಾಬರು ಹದಿನೈದು ವರ್ಷದಿಂದ ಬರ್ತಿದಾರೆ, ಅವ್ರ ಹೊಟ್ಟೆಪಾಡು ಏನಾಗ್ಬೇಕು ಅಂದ್ರು. ಅದೂ ಸರೀನೇ. ಕೊನೆಗೆ ನ್ಯೂಸ್‌ಪೇಪರ್ ಅವ್ರಿಗೆ, ಮಿಕ್ಕಿದ್ದೆಲ್ಲಾ ಕೇಂದ್ರಕ್ಕೆ ಅಂತ ರಾಜಿ ಆಗಿದೆ. ಹಾಲಿನ ಕವರ್ ವಿಚಾರ ಇನ್ನೂ ಇತ್ಯರ್ಥ ಆಗಿಲ್ಲ, ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ. ಒಂದ್ ಮಾತು, ಹಾಲಿನ ಕವರ್ ಮೂಲೆ ಪೂರ್ತಿ ಕತ್ತರಿಸಿ ಎಸೀಬೇಡಿ, ಆ ಚೂರು ಯಾರ ಕೈಗೂ ಸಿಗಲ್ಲ, ಸೀದಾ ಚರಂಡಿಗೆ ಹೋಗತ್ತೆ. ಒಂಚೂರು ಕಚ್ಚಿಕೊಂಡಿರೋ ಹಾಗೆ ಕತ್ತರಿಸಿ.

ಮನೇಲಿ ಕಸ ಕಮ್ಮಿ ಆಯ್ತಾ ಅಂತ ಕೇಳ್ತೀರಲ್ಲ. ಆಯ್ತು, ಆದ್ರೆ ಕೇಂದ್ರಕ್ಕೆ ಕೊಟ್ಟಿದ್ರಿಂದ ಅಷ್ಟು ಅಲ್ಲ, ಪ್ರತಿ ವಾರ ತೊಳೀಬೇಕಲ್ಲಾ ಅನ್ನೋ ಸೋಮಾರಿತನದಿಂದ ಜಾಸ್ತಿ. ಲಗೇಜ್ ತೂಕ ನೋಡೋ ಪುಟ್ಟ ಮಿಷಿನ್ನಿಗೆ ನೇತುಹಾಕಿ ನೋಡಿದ್ದೆ, ನಾಲ್ಕು ಜನಕ್ಕೆ ಮೊದಲ ವಾರ ಒಣ ಕಸ 4 ಕೆಜಿ 200 ಗ್ರಾಂ ಇತ್ತು. ಈಗ ಎರಡೂವರೆ ಕೆಜಿ ದಾಟಲ್ಲ, ಹಬ್ಬದ ವಾರ ಬಿಟ್ಟು. ದರ್ಶಿನಿ ಪಾರ್ಸಲ್ ಕವರ್ ದೊಡ್ಡ ತಲೆನೋವಾಗಿತ್ತು, ಸಾಂಬಾರು ಚಟ್ನಿ ಕಟ್ಟಿ ಕೊಡೋ ಆ ತೆಳು ಕವರ್ ಇದ್ಯಲ್ಲ, ಎಣ್ಣೆ ಜಿಡ್ಡು ಹೋಗಲ್ಲ, ತೊಳೆದ್ರೂ ಯಾರಿಗೂ ಬೇಡ. ಅದಕ್ಕೆ ಸ್ಟೀಲ್ ಕ್ಯಾರಿಯರ್ ತಗೊಂಡ್ ಹೋಗಕ್ಕೆ ಶುರು ಮಾಡ್ದೆ. ಮೊದಲ ದಿನ ಕೌಂಟರಲ್ಲಿರೋ ಹುಡುಗ ಸಾಂಬಾರನ್ನ ಕವರಿಗೆ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿ, ಆಮೇಲೆ ಆ ಕವರ್ರನ್ನ ನನ್ ಡಬ್ಬಿ ಒಳಗೆ ಜೋಪಾನವಾಗಿ ಇಟ್ಟ. ನಾನು ನೋಡ್ತಾ ನಿಂತಿದ್ದೆ, ಏನ್ ಹೇಳ್ಬೇಕು ಅಂತಾನೇ ತೋಚ್ಲಿಲ್ಲ. ಈಗ ನನ್ ಕ್ಯಾರಿಯರ್ ಕಂಡ್ರೆ ಸೀದಾ ಸೌಟಲ್ಲೇ ಹುಯ್ತಾನೆ, ಒಂದು ಸೌಟು ಜಾಸ್ತೀನೇ.

ಹಸಿ ಕಸ ಗೊಬ್ಬರ ಮಾಡಕ್ಕೆ ಮೂರು ಅಂತಸ್ತಿನ ಮಣ್ಣಿನ ಮಡಕೆ ತಂದಿದೀವಿ, ಟೆರೇಸ್ ಮೇಲೆ. ಮೊದಲ ತಿಂಗಳು ಬಿಳಿ ಹುಳ ತುಂಬಿ ಹೆಂಡ್ತಿ ಮಡಕೇನೂ ನಿನ್ನನ್ನೂ ಒಟ್ಟಿಗೆ ಹೊರಗೆ ಹಾಕ್ತೀನಿ ಅಂದಿದ್ಲು. ಕೊಕೊಪೀಟ್, ಅಂದ್ರೆ ತೆಂಗಿನ ನಾರಿನ ಪುಡಿ, ಜಾಸ್ತಿ ಹಾಕ್ದ್ಮೇಲೆ ನೀರು ಹೀರ್ಕೊಂಡು ಸರಿಹೋಯ್ತು. ಅದು ಬೇರೆ ರಿವ್ಯೂ.

ಈಗ ಬೈಗುಳ. ಟೈಮಿಂಗ್ಸ್ ಎಲ್ಲೂ ಬರೆದಿಲ್ಲ. ನಾನು ಎರಡು ಸಲ ಬೀಗ ನೋಡಿ ವಾಪಸ್ ಬಂದಿದೀನಿ, ಒಂದ್ಸಲ ಜಡಿಮಳೇಲಿ, ಕಾಲ ಮಧ್ಯೆ ರಟ್ಟಿನ ಡಬ್ಬ ಇಟ್ಕೊಂಡು. ಬೋರ್ಡಲ್ಲಿರೋ ಫೋನ್ ನಂಬರ್‌ಗೆ ಮಾಡಿದ್ರೆ ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಅಂತ ಬರತ್ತೆ. ಶೀಟು ಸೋರತ್ತೆ, ಮಳೆಗಾಲದಲ್ಲಿ ನಾವು ಒಣಗಿಸಿ ಕೊಟ್ಟ ಪೇಪರ್ ಅಲ್ಲಿ ನೆಂದು ಕೂತಿರತ್ತೆ, ನೆಂದ ಪೇಪರಿಗೆ ರೇಟ್ ಬಿದ್ದೋಗತ್ತೆ. ಅಷ್ಟು ಜನ ಹೆಂಗಸ್ರು ದುಡಿಯೋ ಜಾಗದಲ್ಲಿ ಕೈ ತೊಳ್ಕೊಳಕ್ಕೆ ಇರೋದು ಒಂದೇ ನಲ್ಲಿ, ಫ್ಯಾನ್ ಕೂಡ ಇಲ್ಲ. ನೋಡಿ, ಘನತ್ಯಾಜ್ಯ ಶುಲ್ಕ ಅಂತ 2025ರಿಂದ ಆಸ್ತಿ ತೆರಿಗೆ ಜೊತೇಲೇ ವಸೂಲಿ ಮಾಡ್ತಿದಾರೆ, ಕಟ್ಟಡದ ಅಳತೆ ಮೇಲೆ ಮನೆಗೆ ತಿಂಗಳಿಗೆ 10 ರೂಪಾಯಿಂದ 400 ರೂಪಾಯಿವರೆಗೂ ಇದೆ. ಕೊಡ್ತೀವಿ ಸ್ವಾಮಿ, ಅದ್ರಲ್ಲಿ ನಾಲ್ಕು ಶೀಟು ಬದಲಾಯ್ಸಕ್ಕೆ ಆಗಲ್ವಾ. ಒಂದು ಸ್ಟಾರ್ ಕಟ್ ಮಾಡಿದ್ದು ಇದಕ್ಕೇ, ಕೆಲಸ ಮಾಡೋರ ಮೇಲೆ ಅಲ್ಲ.

ನಮ್ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಇದನ್ನ ಹಾಕ್ದಾಗ ಒಬ್ರು, ನಾವ್ ಬೇರೆ ಮಾಡಿ ಕೊಟ್ರೂ ಕೊನೇಲಿ ಎಲ್ಲಾ ಒಂದೇ ಗುಂಡಿಗೆ ಹೋಗೋದು ಅಂದ್ರು. ಮಿಕ್ಸ್ ಮಾಡಿ ಕೊಟ್ರೆ ಹೌದು, ಒಂದೇ ಗುಂಡಿಗೆ. ನನ್ ಕಲೀಗ್ ಒಬ್ರದು ಬೆಂಗಳೂರು ಕಸ ಸುರೀತಿದ್ದ ಮಂಡೂರು ಕಡೆ ಊರು, 2014ರಲ್ಲಿ ಅಲ್ಲಿ ಜನ ರಸ್ತೆಗಿಳಿದು ನಿಮ್ ಬೆಂಗಳೂರು ಕಸ ನಮ್ಗೆ ಬೇಡ ಅಂತ ಲಾರಿ ತಡೆದಿದ್ದು ನೆನಪಿರ್ಬೋದು. ಅದಕ್ಕೂ ಮುಂಚೆ ಮಾವಳ್ಳಿಪುರದಲ್ಲಿ ಇದೇ ಆಗಿತ್ತು. ಆ ಕಲೀಗ್ ಮನೇಲಿ ಮಧ್ಯಾಹ್ನ ಊಟಕ್ಕೆ ಕೂತ್ರೆ ಎಲೆ ಮೇಲೆ ನೊಣ ಮುತ್ತುತ್ತಿದ್ದಿದ್ದನ್ನ ಅವ್ರು ಹೇಳ್ತಾ ಇರ್ತಾರೆ. 2015ರಲ್ಲಿ ಹೈಕೋರ್ಟ್ ಎರಡು ಬುಟ್ಟಿ ಒಂದು ಚೀಲ ಕಡ್ಡಾಯ ಅಂದಿದ್ದು ಈ ಗಲಾಟೆ ಎಲ್ಲಾ ಆದ್ಮೇಲೇನೇ. ಹಸಿರು ಬುಟ್ಟಿ ಹಸಿ ಕಸಕ್ಕೆ, ಕೆಂಪು ಬುಟ್ಟಿ ಪ್ಯಾಡು, ಡೈಪರ್ರು, ಬ್ಯಾಂಡೇಜಿಗೆ, ಚೀಲ ಒಣ ಕಸಕ್ಕೆ. ನನ್ ಬ್ಲೇಡು ಹೋಗ್ಬೇಕಾಗಿದ್ದು ಕೆಂಪು ಬುಟ್ಟಿಗೆ, ಪೇಪರಲ್ಲಿ ದಪ್ಪಕ್ಕೆ ಸುತ್ತಿ. ಈಗ ಹಂಗೇ ಮಾಡ್ತೀನಿ.

ಹೋಗೋರಿಗೆ: ಬೆಳಿಗ್ಗೆ ಹತ್ತರ ಮೇಲೆ ಹೋಗಿ, ಅಷ್ಟೊತ್ತಿಗೆ ಗಾಡಿಗಳು ಬಂದು ಖಾಲಿ ಮಾಡಿರ್ತಾವೆ. ಸೋಮವಾರ ಬೇಡ, ಭಾನುವಾರದ ರಾಶಿ ಇರತ್ತೆ. ಗಾಜು ಒಡೆದಿದ್ರೆ ರಟ್ಟಿನ ಡಬ್ಬಿಲಿ ಹಾಕಿ ಮೇಲೆ ಗಾಜು ಅಂತ ದೊಡ್ಡದಾಗಿ ಬರೆದು ಕೈಗೇ ಕೊಡಿ. ಅಂಗಡಿ ಬಿಲ್ಲು, ಎಟಿಎಂ ಚೀಟಿ ಪೇಪರ್ ಜೊತೆ ಹಾಕ್ಬೇಡಿ, ಅದು ಬೇರೆ ಥರ ಕೆಮಿಕಲ್ ಪೇಪರ್ರು. ಹಳೇ ಬಟ್ಟೆ ಒಗೆದಿದ್ರೆ ಮಾತ್ರ ನಮ್ ಕೇಂದ್ರದಲ್ಲಿ ತಗೋತಾರೆ, ದಿಂಬು ಹಾಸಿಗೆ ತಗೊಳಲ್ಲ. ಹಳೇ ಚಾರ್ಜರು, ವೈರು ಒಂದು ಡಬ್ಬಿಲಿ ಕೂಡಿಟ್ಟು ಕೊಟ್ಟೆ, ತಗೊಂಡ್ರು. ಥರ್ಮಾಕೋಲ್ ಮಾತ್ರ ಎಷ್ಟು ಕೇಳ್ಕೊಂಡ್ರೂ ಬೇಡ ಅಂದ್ರು, ತೂಕ ಇಲ್ಲ, ಜಾಗ ತಿನ್ನತ್ತೆ ಅಂತ. ಹೊಸ ಟಿವಿ ಜೊತೆ ಬಂದ ನಾಲ್ಕು ತುಂಡು ಇನ್ನೂ ನಮ್ ಅಟ್ಟದ ಮೇಲೇ ಇದೆ, ದಕ್ಷಿಣದ ಕಡೆ ಯಾರಾದ್ರೂ ತಗೊಳೋರು ಗೊತ್ತಿದ್ರೆ ಹೇಳಿ, ಸ್ಕೂಟರಲ್ಲೇ ತಂದು ಕೊಡ್ತೀನಿ.