ಕೆಂಪಿಯ ತಂತಿ ಗೂಡು: ಐದು ತಿಂಗಳು ಬಳಸಿದ ಮೇಲೆ

ನಾಯಿಮರಿಗೆ ಮಡಚುವ ತಂತಿ ಕ್ರೇಟ್, ಅಂದರೆ ತಂತಿಯ ಗೂಡು, ತಗೊಳ್ಳಬೇಕಾ ಬೇಡವಾ ಅಂತ ಯೋಚಿಸುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಾವು ತಂದಿದ್ದು 36 ಇಂಚಿನದ್ದು. ಎರಡು ಬಾಗಿಲು, ಕೆಳಗೆ ಪ್ಲಾಸ್ಟಿಕ್ ಟ್ರೇ, ನಡುವೆ ಸಿಕ್ಕಿಸಲು ಒಂದು ತಂತಿಯ ಅಡ್ಡಗೋಡೆ. ಐದು ಸಾವಿರಕ್ಕೆ ಸ್ವಲ್ಪ ಕಡಿಮೆ ಬಿತ್ತು. ಆಗಸ್ಟ್‌ನಿಂದ ಈ ಜನವರಿವರೆಗೆ ದಿನವೂ ಬಳಸಿದ್ದೇವೆ. ತಗೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಬಳಸುವುದು ಹೇಗೆ ಅಂತ ಡಬ್ಬದ ಒಳಗಿನ ಕಾಗದದಲ್ಲಿ ಒಂದು ಸಾಲೂ ಇಲ್ಲ, ಅಂಗಡಿಯವರು ಹೇಳಿದ್ದಂತೂ ಪೂರ್ತಿ ತಪ್ಪು. ಹಾಗಾಗಿ ಕ್ರೇಟ್ ಬಗ್ಗೆ ಬರೆಯುವುದಕ್ಕಿಂತ ಅದರ ಸುತ್ತ ನಡೆದಿದ್ದನ್ನೇ ಜಾಸ್ತಿ ಬರೆಯಬೇಕಾಗಿದೆ.

ಕೆಂಪಿ ಜಾತಿ ನಾಯಿ ಅಲ್ಲ, ನಮ್ಮ ನಾಡು ನಾಯಿ. ಆಲ್ದೂರಿನ ಹತ್ತಿರ ಮಾವನ ತೋಟದಲ್ಲಿ ಕೆಲಸಗಾರರ ಲೈನ್ ಮನೆ ಹಿಂದೆ ಹುಟ್ಟಿದವಳು. ಎಂಟು ವಾರ ತುಂಬುವವರೆಗೆ ತಾಯಿಯ ಜೊತೆಗೇ ಬಿಟ್ಟಿದ್ದೆವು. ಆಮೇಲೆ ಚಿಕ್ಕಮಗಳೂರಿಗೆ, ಬಸವನಹಳ್ಳಿ ಕಡೆ ಇರುವ ನಮ್ಮ ಮನೆಗೆ ಕರೆದುಕೊಂಡು ಬಂದೆವು. ಬಂದ ವಾರವೇ ಮಳೆ ಜೋರಾಗಿ ಶಾಲೆಗಳಿಗೆ ರಜೆ ಕೊಟ್ಟರು. ಮಗನಿಗೆ ಹಬ್ಬ. ಬೆಳಗ್ಗೆ ಎದ್ದರೆ ಕೆಂಪಿ ಅವನ ತೊಡೆ ಮೇಲೆ, ಊಟಕ್ಕೆ ಕೂತರೆ ತೊಡೆ ಮೇಲೆ, ಟಿವಿ ನೋಡುವಾಗ ಅದೇ ಕಂಬಳಿಯೊಳಗೆ. ನಾನೂ ಕಡಿಮೆ ಇರಲಿಲ್ಲ, ಅಡುಗೆ ಮಾಡುವಾಗ ಒಂದು ಕೈಯಲ್ಲಿ ಅವಳನ್ನು ಎತ್ತಿಕೊಂಡೇ ಇರುತ್ತಿದ್ದೆ. ಅಷ್ಟು ಪುಟ್ಟ ಜೀವ, ಮೈಯೆಲ್ಲ ಬೆಚ್ಚಗೆ, ಕೆಳಗೆ ಬಿಡಲು ಮನಸ್ಸು ಬರುತ್ತಿರಲಿಲ್ಲ.

ಸೋಮವಾರ ಮಳೆ ನಿಂತಿತು. ಮಗ ಶಾಲೆಗೆ, ನಾವಿಬ್ಬರೂ ಕೆಲಸಕ್ಕೆ. ಅತ್ತೆ ಅರ್ಧ ಗಂಟೆ ದೇವಸ್ಥಾನಕ್ಕೆ ಹೋಗಿದ್ದರಂತೆ, ಅಷ್ಟೇ. ಆ ಅರ್ಧ ಗಂಟೆ ಕೆಂಪಿ ಕೂಗಿದ್ದು ಮೂರು ಮನೆ ಆಚೆಗೆ ಕೇಳಿಸಿದೆ. ಬಾಗಿಲನ್ನು ಕೆರೆದು ಕೆರೆದು ಉಗುರಿನ ಬುಡದಲ್ಲಿ ರಕ್ತ ಬಂದಿತ್ತು. ಸಂಜೆ ಅದನ್ನು ನೋಡಿದಾಗ ಹೊಟ್ಟೆ ಕಿವುಚಿದ ಹಾಗಾಯಿತು. ಒಂದು ವಾರ ಒಂದು ಕ್ಷಣವೂ ಒಂಟಿಯಾಗಿ ಬಿಡದೆ ಇಟ್ಟುಕೊಂಡು, ಎಂಟನೇ ದಿನ ಇದ್ದಕ್ಕಿದ್ದಂತೆ ಬಾಗಿಲು ಹಾಕಿಕೊಂಡು ಹೋದರೆ ಆ ಮರಿಗೆ ಏನು ಗೊತ್ತಾಗಬೇಕು? ನಾವು ಮತ್ತೆ ಬರುತ್ತೇವೆ ಅಂತ ಅವಳಿಗೆ ಯಾರೂ ಕಲಿಸಿರಲಿಲ್ಲ, ಅಲ್ವಾ.

ಮಾರನೇ ದಿನವೇ ಕ್ರೇಟ್ ತಂದೆವು. ಅತ್ತೆ ನೋಡಿದ ತಕ್ಷಣ ಕೇಳಿದ್ದು ಒಂದೇ ಮಾತು: "ಬೋನು ಇಡೋದು ಚಿರತೆಗೆ. ಈ ಕೂಸಿಗೆ ಯಾಕೆ?" ಅಂಗಡಿಯವರು ಮಾತ್ರ ಧೈರ್ಯವಾಗಿ ಹೇಳಿ ಕಳಿಸಿದ್ದರು, ಒಳಗೆ ಹಾಕಿ ಬಾಗಿಲು ಮುಚ್ಚಿ, ಎಷ್ಟೇ ಅತ್ತರೂ ತೆಗೆಯಬೇಡಿ, ಮೂರು ದಿನದಲ್ಲಿ ಸುಮ್ಮನಾಗುತ್ತದೆ ಅಂತ. ಹಾಲ್‌ನಲ್ಲಿ ಇಟ್ಟು, ಹಾಗೇ ಮಾಡಿದೆವು. ರಾತ್ರಿ ಎರಡು ಗಂಟೆವರೆಗೆ ಅತ್ತಳು. ತಂತಿಗೆ ಮೂತಿ ಉಜ್ಜಿ ಮೂಗಿನ ಮೇಲೆ ಗಾಯ ಮಾಡಿಕೊಂಡಳು, ಒಳಗೇ ಉಚ್ಚೆ ಮಾಡಿ ಅದರಲ್ಲೇ ಒದ್ದೆಯಾದಳು. ಆಗ ತೆಗೆದೆ. ಇನ್ನೂ ಮುಂಚೆ ತೆಗೆಯಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಲಸಿಕೆಗೆ ಹೋದಾಗ ಡಾಕ್ಟರ್ ಹತ್ತಿರ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಕೂರಿಸಿ ವಿವರಿಸಿದರು. ಎರಡು ತಿಂಗಳ ಮರಿ ದಿನಕ್ಕೆ 18ರಿಂದ 20 ಗಂಟೆ ಮಲಗಬೇಕು, ನಾವು ಎತ್ತಿಕೊಂಡು ಆಡಿಸಿ ಆಡಿಸಿ ಅದಕ್ಕೆ ನಿದ್ದೆಯನ್ನೇ ಕೊಟ್ಟಿಲ್ಲ ಅಂದರು. ಸಂಜೆ ಹೊತ್ತು ಅವಳು ಹುಚ್ಚು ಹಿಡಿದ ಹಾಗೆ ಓಡಿ ಕಾಲು ಕಚ್ಚುತ್ತಿದ್ದಳು, ತುಂಟತನ ಅಂದುಕೊಂಡಿದ್ದೆವು. ನಿದ್ದೆಗೆಟ್ಟ ಮಗು ಹಟ ಮಾಡುತ್ತದಲ್ಲ, ಅದೇ ಅಂತೆ. ಇನ್ನೊಂದು ಲೆಕ್ಕ ಹೇಳಿದರು: ಮರಿಗೆ ಎಷ್ಟು ತಿಂಗಳೋ ಸುಮಾರು ಅಷ್ಟೇ ಗಂಟೆ ಉಚ್ಚೆ ತಡೆದುಕೊಳ್ಳಬಲ್ಲದು. ಎರಡು ತಿಂಗಳ ಮರಿಯನ್ನು ರಾತ್ರಿಯಿಡೀ ಒಳಗೆ ಹಾಕಿದರೆ ಒದ್ದೆಯಾಗದೆ ಇನ್ನೇನಾಗುತ್ತದೆ.

ಅಲ್ಲಿಂದ ಎಲ್ಲ ಮೊದಲಿನಿಂದ ಶುರು ಮಾಡಿದೆವು. ಕ್ರೇಟನ್ನು ಹಾಲ್‌ನಿಂದ ಎತ್ತಿ ನಮ್ಮ ಮಂಚದ ಪಕ್ಕ ಇಟ್ಟೆವು. ರೆಡ್ ಆಕ್ಸೈಡ್ ನೆಲದ ಮೇಲೆ ಜಾರುತ್ತಿತ್ತು, ಕೆಳಗೆ ಕಾಫಿ ಗೋಣಿಚೀಲ ಹಾಸಿದೆವು. ಮೂರು ಕಡೆ ಹಳೇ ಕಂಬಳಿ ಹೊದಿಸಿದೆವು, ಒಳಗೆ ಮಗನ ಹಳೇ ಸ್ವೆಟರ್. ಮೂರು ದಿನ ಬಾಗಿಲು ಮುಚ್ಚಲೇ ಇಲ್ಲ, ಊಟದ ತಟ್ಟೆಯನ್ನು ಮಾತ್ರ ಒಳಗೆ ಇಡುತ್ತಿದ್ದೆವು, ತಾನಾಗಿ ಹೋಗಿ ತಿಂದು ತಾನಾಗಿ ಹೊರಗೆ ಬರುತ್ತಿದ್ದಳು. ನಾಲ್ಕನೇ ದಿನ ತಿನ್ನುವಾಗ ಬಾಗಿಲು ಮುಚ್ಚಿ, ತಿಂದು ಮುಗಿಸುವ ಮೊದಲೇ ತೆಗೆದೆ. ಆಮೇಲೆ ಹತ್ತು ಸೆಕೆಂಡ್, ಒಂದು ನಿಮಿಷ, ಐದು ನಿಮಿಷ. ರಾತ್ರಿ ಎರಡು ಸಲ ಅಲಾರಂ ಇಟ್ಟು ಎದ್ದು ಅಂಗಳಕ್ಕೆ ಕರೆದುಕೊಂಡು ಹೋಗುತ್ತಿದ್ದೆ, ಆಗಸ್ಟ್ ಮಳೆಯಲ್ಲಿ ಕೊಡೆ ಹಿಡಿದುಕೊಂಡು. ಕುಂಯ್ ಅಂದರೆ ಮಂಚದಿಂದಲೇ ಕೈ ಇಳಿಬಿಟ್ಟು ತಂತಿಯ ಸಂದಿಯಲ್ಲಿ ಬೆರಳು ಇಡುತ್ತಿದ್ದೆ. ಬೆರಳು ನೆಕ್ಕಿ ಮಲಗಿಬಿಡುತ್ತಿದ್ದಳು. ಎರಡು ವಾರದ ನಂತರ ಬೆರಳು ಬೇಕಾಗಲಿಲ್ಲ. ದಿನಕ್ಕೆ ಒಂದೊಂದು ಅಡಿ ಗೂಡನ್ನು ಬಾಗಿಲ ಕಡೆ ಸರಿಸಿ, ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಮತ್ತೆ ಹಾಲ್‌ಗೆ ಬಂತು.

ಮಗನಿಗೆ ಇದು ತುಂಬಾ ಕಷ್ಟವಾಯಿತು. ಮಲಗಿದವಳನ್ನು ಎತ್ತಬಾರದು, ಗೂಡಿನೊಳಗೆ ಇದ್ದಾಗ ಕೈ ಹಾಕಬಾರದು ಅಂದರೆ ಅವನಿಗೆ ಅಳು. ಅವಳಿಗೆ ನನ್ನ ಮೇಲೆ ಪ್ರೀತಿ ಕಡಿಮೆ ಆಗುತ್ತಾ ಅಂತ ಕೇಳಿದ. ಏನು ಹೇಳುವುದು ಅಂತ ಗೊತ್ತಾಗಲಿಲ್ಲ ಮೊದಲು. ನೀನು ಮಲಗಿದಾಗ ನಾನು ಎಬ್ಬಿಸುತ್ತೇನಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದ ಮೇಲೆ ಆಡಬಹುದಾ ಅಂದ. ಎದ್ದ ಮೇಲೆ ಎಷ್ಟು ಬೇಕಾದರೂ ಆಡು ಅಂದೆ. ಈಗ ಅವಳು ತಾನಾಗಿ ಹೊರಗೆ ಬಂದು ಅವನ ಪುಸ್ತಕದ ಮೇಲೆ ತಲೆ ಇಟ್ಟರೆ ಅವನಿಗೆ ಆಗುವ ಖುಷಿಯೇ ಬೇರೆ. ಮುಂಚೆ ಅವಳಿಗೆ ಬೇರೆ ದಾರಿಯೇ ಇರಲಿಲ್ಲ, ಈಗ ಅವಳೇ ಬಯಸಿ ಬರುತ್ತಾಳೆ.

ಹೋಗುವಾಗ ಬರುವಾಗ ದೊಡ್ಡ ಗಲಾಟೆ ಮಾಡುವುದನ್ನೂ ಬಿಟ್ಟೆವು. "ಅಯ್ಯೋ ಬಂಗಾರಿ, ಹೋಗಿ ಬರ್ತೀನಿ, ಅಳಬೇಡ" ಅಂತ ಹತ್ತು ಸಲ ಹೇಳಿ ಹೋಗುತ್ತಿದ್ದೆ, ಆ ದನಿಗೇ ಅವಳಿಗೆ ಗಾಬರಿ ಆಗುತ್ತಿತ್ತು. ಈಗ ಚಪ್ಪಲಿ ಹಾಕಿ ಸುಮ್ನೆ ಹೋಗುತ್ತೇನೆ. ಹೋಗುವ ಮೊದಲು ಕಾಂಗ್ ರಬ್ಬರ್ ಆಟಿಕೆಯೊಳಗೆ ಉಪ್ಪೂ ಒಗ್ಗರಣೆಯೂ ಹಾಕದ ಮೊಸರನ್ನ ತುಂಬಿ, ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ಕೊಡುತ್ತೇನೆ. ಅದು ಇನ್ನೊಂದು ಒಳ್ಳೆಯ ಖರೀದಿ. ಮರಿಗಳಿಗೆ ಅಂತ ಗುಲಾಬಿ, ನೀಲಿ ಬಣ್ಣದ್ದು ಬರುತ್ತದೆ, ಕೆಂಪು ಬಣ್ಣದ್ದಕ್ಕಿಂತ ಮೆತ್ತಗಿರುತ್ತದೆ. ಹಾಲುಹಲ್ಲು ಬೀಳುವ ಕಾಲದಲ್ಲಿ, ಅಂದರೆ ನಾಲ್ಕರಿಂದ ಆರು ತಿಂಗಳ ನಡುವೆ, ಅದು ನಮ್ಮ ಕುರ್ಚಿ ಕಾಲುಗಳನ್ನು ಉಳಿಸಿತು.

ಈಗ ಕ್ರೇಟ್‌ನ ಲೋಪಗಳು. ಟ್ರೇ ತುಂಬಾ ತೆಳು. ಮೂರನೇ ತಿಂಗಳಿಗೆ ಒಂದು ಮೂಲೆ ಬಿರುಕು ಬಿಟ್ಟಿತು, ಟೇಪ್ ಹಾಕಿದ್ದೇವೆ. ಚಿಲಕ ಕಟಕಟ ಅನ್ನುತ್ತದೆ, ರಾತ್ರಿ ಅವಳು ಮಗ್ಗುಲು ಬದಲಿಸಿದರೂ ಗೊತ್ತಾಗುತ್ತದೆ. ಒಂದು ಬಾಗಿಲಿನ ಅಂಚಿನಲ್ಲಿ ಎರಡು ತಂತಿಯ ತುದಿ ಚೂಪಾಗಿತ್ತು, ಅರ ಹಾಕಿ ಉಜ್ಜಿಸಬೇಕಾಯಿತು. ತಂದ ದಿನವೇ ಎಲ್ಲ ಕಡೆ ಕೈ ಆಡಿಸಿ ನೋಡಿ. ನಮ್ಮೂರಿನ ಮಳೆಗೆ ಬೆಸುಗೆ ಹಾಕಿದ ಜಾಗಗಳಲ್ಲಿ ತುಕ್ಕು ಬಂದೇ ಬರುತ್ತದೆ, ಒಣಬಟ್ಟೆಯಲ್ಲಿ ಒರೆಸುತ್ತಿರಬೇಕು. ಒಳಗೆ ಬಿಡುವಾಗ ಕೊರಳಪಟ್ಟಿ ತೆಗೆದುಬಿಡಿ, ತಂತಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಮತ್ತೆ, ಕ್ರೇಟ್ ಇದೆ ಅಂತ ಇಡೀ ದಿನ ಮರಿಯನ್ನು ಒಳಗೆ ಹಾಕಿ ಹೋಗುವವರಿಗೆ ಇದನ್ನು ತಗೊಳ್ಳಿ ಅಂತ ಖಂಡಿತ ಹೇಳುವುದಿಲ್ಲ. ನಮ್ಮಲ್ಲಿ ಹಗಲು ಒಟ್ಟಿಗೆ ಎರಡು ಗಂಟೆ ದಾಟಿದ್ದಿಲ್ಲ, ಮಧ್ಯಾಹ್ನ ಯಾರಾದರೂ ಒಬ್ಬರು ಬಂದೇ ಬರುತ್ತೇವೆ. ತಪ್ಪು ಮಾಡಿದಳು ಅಂತ ಒಳಗೆ ಹಾಕಿದ್ದೂ ಒಂದು ದಿನವೂ ಇಲ್ಲ.

ದೀಪಾವಳಿ ರಾತ್ರಿ ನಡೆದಿದ್ದು ಹೇಳಲೇಬೇಕು. ಎಂಟು ಗಂಟೆಗೆ ಬೀದಿಯಲ್ಲಿ ಸರಪಟಾಕಿ ಶುರುವಾಯಿತು. ಕೆಂಪಿಗೆ ಅದು ಮೊದಲ ದೀಪಾವಳಿ. ನಾನು ಎತ್ತಿಕೊಳ್ಳಲು ಓಡಿದೆ, ಅಷ್ಟರಲ್ಲಿ ಅವಳು ಬಾಲ ಮುದುರಿಕೊಂಡು ನನ್ನನ್ನು ದಾಟಿ ಹೋಗಿ ಗೂಡಿನೊಳಗೆ ಕಂಬಳಿಯ ಕತ್ತಲಿಗೆ ಸೇರಿಕೊಂಡಳು. ಬಾಗಿಲು ತೆರೆದೇ ಇತ್ತು. ನಾವು ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಮುಂದೆ ಚಾಪೆ ಹಾಸಿ ಕೂತೆವು. ಮೊದಲು ನಡುಗುತ್ತಿದ್ದಳು. ಒಂಬತ್ತೂವರೆ ಹೊತ್ತಿಗೆ ಮೂತಿ ಮಾತ್ರ ಹೊರಗೆ ಚಾಚಿ ಅತ್ತೆಯ ಸೆರಗಿನ ಮೇಲೆ ಇಟ್ಟು ಮಲಗಿದಳು. ಅತ್ತೆ ಹನ್ನೊಂದರವರೆಗೆ ಅಲ್ಲಿಂದ ಅಲ್ಲಾಡಲಿಲ್ಲ. ಆ ದಿನದ ನಂತರ ಅವರ ಬಾಯಲ್ಲಿ ಬೋನು ಅನ್ನುವ ಮಾತು ಬಂದಿಲ್ಲ. "ಕೆಂಪೀ, ಗೂಡಿಗೆ ಹೋಗು" ಅಂತಾರೆ, ಅವಳು ಹೋಗುತ್ತಾಳೆ.

ತೋಟಕ್ಕೆ ಹೋಗುವವರಿಗೆ ಇದರ ಉಪಯೋಗ ಇನ್ನೂ ಜಾಸ್ತಿ. ಮಲೆನಾಡಿನಲ್ಲಿ ರಾತ್ರಿ ನಾಯಿಯನ್ನು ಹೊರಗೆ ಬಿಟ್ಟರೆ ಚಿರತೆಯ ಭಯ ಇದ್ದೇ ಇದೆ, ಅದಕ್ಕೇ ಕೆಲವರು ಕೊರಳಿಗೆ ಮುಳ್ಳಿನ ಪಟ್ಟಿ ಹಾಕುತ್ತಾರೆ. ಈ ಕ್ರೇಟ್ ಮಡಚಿದರೆ ಸೂಟ್‌ಕೇಸ್ ತರಹ ಆಗುತ್ತದೆ, ಕಾರಿನ ಹಿಂದೆ ಹಿಡಿಯುತ್ತದೆ. ಸಂಕ್ರಾಂತಿಗೆ ಆಲ್ದೂರಿಗೆ ಒಯ್ದಿದ್ದೆವು. ಹೊಸ ಜಾಗ ಆದರೂ ಮನೆಯೊಳಗೆ ಅವಳ ಗೂಡು, ಅವಳ ಸ್ವೆಟರ್, ರಾತ್ರಿ ಒಂದು ಸದ್ದಿಲ್ಲ. ಹಗಲು ಕಣದಲ್ಲಿ ಕಾಫಿ ಒಣಗಲು ಹಾಕಿದ್ದರು. ನಾಯಿಗಳಿಗೆ ಕೆಫೀನ್ ವಿಷ. ಈ ವಯಸ್ಸಿನ ಮರಿ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತದೆ. ಆಳುಗಳು ಕಾಫಿ ಹರಡಿ ಕೈಯಾಡಿಸುವ ಹೊತ್ತಿನಲ್ಲಿ, ನಾವು ಕಣ್ಣಿಡಲಾಗದಾಗ, ಅರ್ಧ ಮುಕ್ಕಾಲು ಗಂಟೆ ಜಗುಲಿಯ ನೆರಳಿನಲ್ಲಿ ಗೂಡಿನೊಳಗೆ ಇರುತ್ತಿದ್ದಳು. ಆಮೇಲೆ ಹಗ್ಗ ಕಟ್ಟಿ ತೋಟವೆಲ್ಲ ಸುತ್ತಿಸುತ್ತಿದ್ದೆವು. ತಾಯಿ ನಾಯಿಯೂ ಬಂದು ಮೂಸಿ ನೋಡಿತು.

ಅಳತೆ ಬಗ್ಗೆ ಒಂದು ಮಾತು. ಬೆಳೆದ ಮೇಲೆ ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ದೊಡ್ಡದನ್ನೇ ತಗೊಳ್ಳಿ. ಆದರೆ ಮರಿಯಾಗಿದ್ದಾಗ ಅಡ್ಡಗೋಡೆ ಹಾಕಿ ಚಿಕ್ಕದು ಮಾಡಿ, ಇಲ್ಲದಿದ್ದರೆ ಒಂದು ಮೂಲೆಯಲ್ಲಿ ಉಚ್ಚೆ, ಇನ್ನೊಂದು ಮೂಲೆಯಲ್ಲಿ ಹಾಸಿಗೆ ಅಂತ ರೂಢಿ ಮಾಡಿಕೊಳ್ಳುತ್ತವೆ. ಕೆಂಪಿಗೆ ನಾವು ಮೂರು ಸಲ ಅಡ್ಡಗೋಡೆ ಹಿಂದೆ ಸರಿಸಿದೆವು, ಡಿಸೆಂಬರ್‌ನಲ್ಲಿ ತೆಗೆದೇಬಿಟ್ಟೆವು. ಕೆಲವು ಮಾದರಿಗಳಲ್ಲಿ ಅದು ಬರುವುದಿಲ್ಲ, ಬೇರೆ ಕೊಳ್ಳಬೇಕು. ದುಡ್ಡು ಕೊಡುವ ಮೊದಲು ಡಬ್ಬ ಬಿಚ್ಚಿಸಿ ನೋಡಿ.