ಹುಲ್ಲು ಮೇಯ್ದ ಎಮ್ಮೆ ಹಾಲು: ಡೇರಿಗೆ ಹಾಕಬೇಕಾ, ಖೋವಾ ಕಾಸಬೇಕಾ, ಚೀಸ್ ಮಾಡಬೇಕಾ?

ಬೆಳಗಾವಿ ಜಿಲ್ಲೆಯ ಬೈಲಹೊಂಗಲ ಕಡೆ ನಮ್ಮದು ಎರೆ ಹೊಲ. ಒಂದು ತುಂಡಿನಲ್ಲಿ ಕಬ್ಬು ತೆಗೆದು ಹುಲ್ಲು ಬೆಳೆಸಿದ್ದೇವೆ. ಅದನ್ನು ಪಟ್ಟಿ ಪಟ್ಟಿ ಮಾಡಿ, ಒಂದೊಂದರಲ್ಲಿ ಎಮ್ಮೆ ಬಿಟ್ಟು, ಹುಲ್ಲಿನ ಬುಡ ಕಾಣುವ ಮೊದಲೇ ಮುಂದಿನ ಪಟ್ಟಿಗೆ ಹೊಡೆಯುತ್ತೇವೆ. ಸಗಣಿ, ಗಂಜಲ ಅಲ್ಲೇ ಬೀಳುತ್ತದೆ. ಮೇಯ್ದ ಪಟ್ಟಿ ಚಿಗುರುವವರೆಗೆ ಆ ಕಡೆ ಹೋಗುವ ಹಾಗಿಲ್ಲ. ಬದುವಿನ ಮೇಲೆ ಮೇವಿಗೆ ಚೊಗಚಿ ಗಿಡ ಹಚ್ಚಿದ್ದೇವೆ. ಕಣಿಕಿ (ಜೋಳದ ಒಣ ದಂಟು), ಶೇಂಗಾ ಹೊಟ್ಟು ಮನೆಯಲ್ಲೇ ಇರುತ್ತದೆ. ಕಟ್ಟಿ ಹಾಕಿ ಹಿಂಡಿ ತಿನ್ನಿಸಿದಾಗಿನಷ್ಟು ಹಾಲು ಬರುವುದಿಲ್ಲ, ಆದರೆ ಹಿಂಡಿಯ ಖರ್ಚು ಇಳಿದಿದೆ, ಮಣ್ಣೂ ಮೆತ್ತಗಾಗಿದೆ.

ಇಷ್ಟು ಮಾಡಿದ ಹಾಲನ್ನು ಏನು ಮಾಡಬೇಕು? ಮೂರು ದಾರಿ ನೋಡಿದ್ದೇವೆ. ಪನೀರನ್ನೂ ಮಾಡಿದೆವು, ಆದರೆ ಪೇಟೆಯ ಅಗ್ಗದ ಪನೀರಿನ ಮುಂದೆ ಅದು ನಿಲ್ಲಲಿಲ್ಲ. ಅದರ ಮಾತು ಇಲ್ಲಿಗೇ ಸಾಕು.

ಡೇರಿಯ ದೊಡ್ಡ ಅನುಕೂಲ ಅಂದರೆ ತಲೆನೋವಿಲ್ಲ. ಬೆಳಗ್ಗೆ, ಸಂಜೆ ಕ್ಯಾನ್ ಒಯ್ದರೆ ಮುಗಿಯಿತು. ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ) ನೋಡಿ ದರ ಹಾಕುತ್ತಾರೆ. ಎಮ್ಮೆ ಹಾಲಿನ ಫ್ಯಾಟ್ ಆರು, ಏಳು ಸುಲಭವಾಗಿ ಬರುತ್ತದೆ. ಮೇಲೆ ಸರ್ಕಾರದ ಪ್ರೋತ್ಸಾಹಧನ ಇದೆ. 2008ರಲ್ಲಿ ಲೀಟರಿಗೆ 2 ರೂಪಾಯಿ ಎಂದು ಶುರುವಾಗಿದ್ದು 5 ರೂಪಾಯಿಗೆ ಬಂತು. ಆದರೆ ಎಮ್ಮೆ ಏನು ತಿಂದಿದೆ ಅಂತ ಯಂತ್ರ ಕೇಳುವುದಿಲ್ಲ ಅಲ್ವಾ? ನಮ್ಮ ಹಾಲು, ಬರೀ ಕಬ್ಬಿನ ತುದಿ ತಿಂದ ಎಮ್ಮೆಯ ಹಾಲು, ಎಲ್ಲಾ ಒಂದೇ ಟ್ಯಾಂಕಿಗೆ.

ಖೋವಾಕ್ಕೆ ಬೆಳಗಾವಿಯಂಥ ಊರು ಇನ್ನೊಂದಿಲ್ಲ. ಅಲ್ಲಿನ ಹೆಸರಾದ ಹಾಲಿನ ಸಿಹಿ ಕುಂದಾ ಮಾಡುವವರಿಗೆ ವರ್ಷವಿಡೀ ಹಾಲು, ಖೋವಾ ಬೇಕು. ಐದು ಲೀಟರ್ ಎಮ್ಮೆ ಹಾಲಿಗೆ ಹೆಚ್ಚುಕಡಿಮೆ ಒಂದು ಕಿಲೋ ಖೋವಾ ಬರುತ್ತದೆ. ಆಕಳ ಹಾಲಾದರೆ ಇನ್ನೂ ಒಂದು ಲೀಟರ್ ಸುರಿಯಬೇಕು.

ಕಾಸುವುದನ್ನು ಹತ್ತಿರ ನಿಂತು ನೋಡಬೇಕು. ಜಾಲಿ ಕಟ್ಟಿಗೆಯ ಉರಿ, ಅಗಲವಾದ ಕಬ್ಬಿಣದ ಕಡಾಯಿ. ಮೊದಲು ಹಾಲು ಕುದಿಯುವಾಗ ಕೈ ಜೋರಾಗಿ ಆಡಬೇಕು. ಅಂಚಿಗೆ ಕೂತ ಕೆನೆಯನ್ನು ಖುರಪಿಯಿಂದ ಕೆರೆದು ಒಳಗೆ ತಳ್ಳುತ್ತಲೇ ಇರಬೇಕು. ಗಟ್ಟಿಯಾಗುತ್ತಾ ಬಂದಾಗ ಉರಿ ತಗ್ಗಿಸಬೇಕು, ಇಲ್ಲದಿದ್ದರೆ ತಳ ಹಿಡಿದು ಇಡೀ ಕಡಾಯಿಗೆ ಸೀದ ವಾಸನೆ. ಕೊನೆಗೆ ಮುದ್ದೆ ಕಡಾಯಿ ಬಿಟ್ಟು ಬರುತ್ತದೆ, ಮೈಮೇಲೆ ತುಪ್ಪ ಮಿನುಗುತ್ತದೆ. ಆಗ ಇಳಿಸಬೇಕು. ಮಳೆಗಾಲದ ಹಸಿ ಹುಲ್ಲಿನ ಹಾಲಿನ ಖೋವಾಕ್ಕೆ ಒಂದು ಬೇರೆಯೇ ಘಮ ಇರುತ್ತದೆ. ನಮ್ಮ ಮನೆಯವರು ಮೂಸಿಯೇ ಹೇಳುತ್ತಾರೆ.

ಇನ್ನು ಲೆಕ್ಕ. ಕಿಲೋ ಖೋವಾದ ದರ ಐದು ಲೀಟರ್ ಹಾಲಿನ ಡೇರಿ ದರ ದಾಟಬೇಕು. ಡೇರಿಗೆ ಹಾಕದೇ ಬಿಟ್ಟ 25 ರೂಪಾಯಿ ಪ್ರೋತ್ಸಾಹಧನವೂ ಅದರಲ್ಲೇ ಹುಟ್ಟಬೇಕು. ಕಟ್ಟಿಗೆ, ಕೂಲಿ ಬೇರೆ. ಎದುರಿಗೆ ಹಾಲಿನ ಪುಡಿ, ಸ್ಟಾರ್ಚ್ ಕಲಸಿದ ಮಾಲು ಕಡಿಮೆ ದರಕ್ಕೆ ಸಿಗುತ್ತದೆ. ಸ್ಟಾರ್ಚ್ ಇದ್ದರೆ ಒಂದು ಹನಿ ಅಯೋಡಿನ್ ಬಿಟ್ಟರೆ ಸಾಕು, ನೀಲಿ ಆಗುತ್ತದೆ. ಎಷ್ಟು ಜನ ಬಿಟ್ಟು ನೋಡುತ್ತಾರೆ? ಬೇಸಿಗೆಯಲ್ಲಿ ಖೋವಾ ಬೇಗ ಬೂಸ್ಟು ಹಿಡಿಯುವುದರಿಂದ ಹೇಳಿದ ದರಕ್ಕೆ ಕೊಟ್ಟು ಬರಬೇಕಾಗುತ್ತದೆ.

ಚೀಸ್ ಬಗ್ಗೆ ನನಗೆ ಆಸೆ ಇತ್ತು, ಈಗಲೂ ಇದೆ. ಎಮ್ಮೆ ಹಾಲಿನಲ್ಲಿ ಕ್ಯಾಲ್ಸಿಯಂ ಜಾಸ್ತಿ. ಹಾಲನ್ನು ಗಟ್ಟಿ ಮಾಡುವ ಕಿಣ್ವ ರೆನೆಟ್ ಹಾಕಿದರೆ ಬೇಗ, ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಹಾಲೊಡೆದ ನೀರನ್ನು ಎಮ್ಮೆಗೇ ಕುಡಿಸುತ್ತೇವೆ, ಚರಂಡಿಗೆ ಬಿಟ್ಟರೆ ನಾರುತ್ತದೆ. ಮೆತ್ತನೆಯ ತಾಜಾ ಚೀಸ್ ಚೆನ್ನಾಗಿಯೇ ಬಂತು. ಕಷ್ಟ ಇರುವುದು ಗಟ್ಟಿ ಚೀಸಿನಲ್ಲಿ. ಅದನ್ನು 10ರಿಂದ 13 ಡಿಗ್ರಿಯಲ್ಲಿ, ತೇವ ಆರದಂತೆ, ತಿಂಗಳುಗಟ್ಟಲೆ ಇಡಬೇಕು. ನಮ್ಮ ಬಿಸಿಲಿಗೆ, ನಮ್ಮ ಕರೆಂಟಿಗೆ ಇದು ದುಬಾರಿ ಬಾಬತ್ತು. ಹಾಕಿದ ದುಡ್ಡು ಕೈಗೆ ಬರುವುದನ್ನು ಕಾಯುವುದಂತೂ ಕಾರ್ಖಾನೆಯಿಂದ ಕಬ್ಬಿನ ಹಣಕ್ಕೆ ಕಾದ ಹಾಗೇ. ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಕೊಟ್ಟ ಎಮ್ಮೆಯ ಹಾಲು ಸೇರಿದರೆ ಕಲ್ಚರ್, ಅಂದರೆ ಚೀಸಿಗೆ ಹಾಕುವ ಹೆಪ್ಪಿನ ಬ್ಯಾಕ್ಟೀರಿಯಾ, ಸತ್ತು ಹೋಗುತ್ತದೆ, ಆ ದಿನದ ಹಾಲು ದಂಡ.

ಆದರೂ ಮೇವಿನ ಬೆಲೆ ತಿಳಿಯುವುದು ಚೀಸಿನಲ್ಲೇ. ಫ್ರಾನ್ಸಿನ ಕಾಂಟೆ, ಇಟಲಿಯ ಪಾರ್ಮಿಜಾನೊ ಚೀಸುಗಳ ನಿಯಮದಲ್ಲಿ ರಸಮೇವು (ಗಾಳಿಯಾಡದಂತೆ ಮುಚ್ಚಿ ಹುಳಿಸಿದ ಹಸಿ ಮೇವು, ಸೈಲೇಜ್) ತಿಂದ ಆಕಳ ಹಾಲು ನಡೆಯುವುದಿಲ್ಲ. ರಸಮೇವಿನಿಂದ ಹಾಲಿಗೆ ಸೇರುವ ಒಂದು ಜಾತಿಯ ಬ್ಯಾಕ್ಟೀರಿಯಾ ವಾರಗಳ ಮೇಲೆ ಒಳಗೇ ಗ್ಯಾಸ್ ಮಾಡಿ ಚೀಸ್ ಉಬ್ಬಿ ಬಿರಿಯುವ ಹಾಗೆ ಮಾಡುತ್ತದೆ. ನಮ್ಮ ಹುಲ್ಲು, ಕಣಿಕಿಯ ಹಾಲಿಗೆ ಆ ಭಯ ಕಡಿಮೆ. ಇದೊಂದು ವಿಷಯದಲ್ಲಿ ಹಳೇ ಪದ್ಧತಿಯೇ ಮೇಲು.

ಒಂದು ತಮಾಷೆ ನೋಡಿ. ಹಸಿ ಹುಲ್ಲು ತಿಂದರೆ ಆಕಳ ಹಾಲಿಗೆ ಕ್ಯಾರೊಟಿನ್‌ನ ಹಳದಿ ಬರುತ್ತದೆ. ಎಮ್ಮೆ ಅದನ್ನು ವಿಟಮಿನ್ ಎ ಮಾಡಿಬಿಡುತ್ತದೆ, ಹಾಲು ಬೆಳ್ಳಗೇ ಉಳಿಯುತ್ತದೆ. ಹಾಗಾಗಿ ನಮ್ಮ ಹುಲ್ಲು ಕೊಳ್ಳುವವರ ಕಣ್ಣಿಗೆ ಬೀಳುವುದೇ ಇಲ್ಲ.

ನಮ್ಮ ಮಟ್ಟಿಗೆ ಖೋವಾ ಮುಂದೆ, ಆದರೆ ಮಳೆಗಾಲದಿಂದ ದೀಪಾವಳಿವರೆಗೆ ಮಾತ್ರ. ಆಗ ಹುಲ್ಲೂ ಇರುತ್ತದೆ, ಹಬ್ಬದ ಗಿರಾಕಿಯೂ ಇರುತ್ತದೆ. ಅದೂ ಮೊದಲೇ ದರ ಮಾತಾಡಿಕೊಂಡ ಅಂಗಡಿಗೆ ಮಾತ್ರ. ಬೇಸಿಗೆಗೆ ಡೇರಿಯೇ ಸೈ. ಮೆತ್ತನೆ ಚೀಸ್ ಯಾರಾದರೂ ಹೇಳಿಟ್ಟರೆ ಮಾಡುತ್ತೇವೆ. ಗಟ್ಟಿ ಚೀಸ್ ಮಾಡಲೇಬೇಕು ಅನ್ನುವವರು ಹುಲ್ಲಿನ ಹಳದಿ ಚೀಸಿನಲ್ಲಿ ಕಾಣುವಂತೆ ಒಂದೆರಡು ಆಕಳು ಕಟ್ಟಿಕೊಳ್ಳಿ, ತಂಪು ಕೋಣೆಯ ಕರೆಂಟ್ ಬಿಲ್ ಮೊದಲು ಲೆಕ್ಕ ಹಾಕಿ.