ಬೆಲೆ ಕೇಳಿದವರಿಗೆ ಬೇಳೆ: ಮಾತಿನ ಕನ್ನಡ ಕಲಿಸುವ ಪುಸ್ತಕವೊಂದರೊಡನೆ ನಾಲ್ಕು ವರ್ಷ

ಬೆಂಗಳೂರಿನ ನಮ್ಮ ವಸತಿ ಸಮುಚ್ಚಯದಲ್ಲಿ ಪ್ರತಿ ಶನಿವಾರ ಸಂಜೆ ಕನ್ನಡೇತರ ನೆರೆಹೊರೆಯವರಿಗೆ ಕನ್ನಡ ಹೇಳಿಕೊಡಲು ನಾಲ್ಕು ವರ್ಷಗಳಿಂದ ಒಂದೇ ಪುಸ್ತಕವನ್ನು ಬಳಸುತ್ತಿದ್ದೇನೆ. ತರಗತಿಗೆ ಶುಲ್ಕವಿಲ್ಲ, ಪುಸ್ತಕ ಮಾತ್ರ ಅವರವರ ಖರ್ಚು. ಆದ್ದರಿಂದ 180 ರೂಪಾಯಿಯ ಪುಸ್ತಕವೇ ಸಾಕೆಂದು ಅಂದು ತೀರ್ಮಾನಿಸಿದ್ದೆ.

ಇದರ ದೊಡ್ಡ ದೋಷವೆಂದರೆ ಕನ್ನಡವನ್ನು ಕೇವಲ ಇಂಗ್ಲಿಷ್ ಅಕ್ಷರಗಳಲ್ಲಿ, ಅದೂ ಯಾವ ಗುರುತೂ ಇಲ್ಲದೆ ಮುದ್ರಿಸಿರುವುದು. ಹ್ರಸ್ವವೋ ದೀರ್ಘವೋ, ಲಕಾರವೋ ಳಕಾರವೋ ತಿಳಿಯುವ ದಾರಿಯೇ ಇಲ್ಲ. ಹನ್ನೊಂದನೆಯ ಪಾಠದಲ್ಲಿ ಬೆಲೆ, ಬೆಳೆ, ಬೇಳೆ ಮೂರಕ್ಕೂ ಒಂದೇ ಕಾಗುಣಿತ. ತಮಿಳು ಮಾತೃಭಾಷೆಯವರಿಗೆ ಎರಡೂ ವ್ಯತ್ಯಾಸಗಳು ಮನೆಯಲ್ಲೇ ಇರುವುದರಿಂದ ಒಮ್ಮೆ ಕೇಳಿದರೆ ಹಿಡಿದುಕೊಳ್ಳುತ್ತಾರೆ. ಹಿಂದಿಯಲ್ಲಿ ಎಕಾರ, ಒಕಾರಗಳ ಹ್ರಸ್ವರೂಪಕ್ಕೆ ಬೇರೆ ಅಕ್ಷರವಿಲ್ಲ, ಳಕಾರದ ಬಳಕೆಯೂ ಇಲ್ಲ. ಆ ಕಡೆಯಿಂದ ಬಂದವರ ಪಾಡು ಕಷ್ಟ. ಪಟ್ನಾದಿಂದ ಬಂದ ನಮ್ಮ ವಿದ್ಯಾರ್ಥಿಯೊಬ್ಬರು ಅಂಗಡಿಯಲ್ಲಿ ತೆಂಗಿನಕಾಯಿಯ ಬೆಲೆ ಕೇಳಿದಾಗ ಅಂಗಡಿಯವರು, "ಯಾವ ಬೇಳೆ ಸಾರ್, ತೊಗರಿನೋ ಹೆಸರೋ?" ಎಂದು ಮರುಪ್ರಶ್ನೆ ಹಾಕಿದರಂತೆ.

ಅಂದಿನಿಂದ ಶುಕ್ರವಾರ ರಾತ್ರಿ ಊಟವಾದ ಮೇಲೆ, ಹೊಸಬರ ಪ್ರತಿಗಳನ್ನು ಮುಂದಿಟ್ಟುಕೊಂಡು ಕೆಂಪು ಪೆನ್ಸಿಲ್ಲಿನಿಂದ ತಿದ್ದುವುದು ನನ್ನ ಕೆಲಸವಾಯಿತು: ದೀರ್ಘಕ್ಕೆ ಮೇಲೊಂದು ಗೆರೆ, ಳಕಾರ ಣಕಾರಗಳಿಗೆ ಕೆಳಗೊಂದು ಚುಕ್ಕೆ, ಅಂಚಿನಲ್ಲಿ ಕನ್ನಡ ಅಕ್ಷರದಲ್ಲಿ ಇಡೀ ಪದ. ನನ್ನ ಬರವಣಿಗೆಯೇನೂ ಮುತ್ತು ಪೋಣಿಸಿದಂತಿಲ್ಲ. ಒಂದು ಪ್ರತಿಗೆ ಎರಡು ಗಂಟೆಯಾದರೂ ಹಿಡಿಯುತ್ತಿತ್ತು, ಪ್ರಕಾಶಕರ ಮೇಲೆ ಸಿಟ್ಟೂ ಬರುತ್ತಿತ್ತು.

ಎರಡು ವರ್ಷಗಳ ಹಿಂದೆ ಒಮ್ಮೆಲೇ ಒಂಬತ್ತು ಜನ ಸೇರಿದಾಗ ತಿದ್ದಲು ಸಮಯ ಸಾಲದೆ, ಪೆನ್ಸಿಲ್ಲನ್ನು ಅವರ ಕೈಗೇ ಕೊಟ್ಟು, ನಾನು ಪದಗಳನ್ನು ನಿಧಾನವಾಗಿ ಹೇಳುತ್ತಾ ಹೋದೆ. ಗೆರೆ ಎಲ್ಲಿ, ಚುಕ್ಕೆ ಎಲ್ಲಿ ಎಂದು ಅವರೇ ಕಿವಿಗೊಟ್ಟು ಗುರುತಿಸತೊಡಗಿದರು. ನಾನು ಸಿದ್ಧಪಡಿಸಿ ಕೊಡುತ್ತಿದ್ದ ಪ್ರತಿಗಳಿಂದ ಇಷ್ಟು ಬೇಗ ಯಾರೂ ಕಲಿತಿರಲಿಲ್ಲ. ಕಳೆದ ತಿಂಗಳು ನಾನು ಅವಸರದಲ್ಲಿ "ಬಾಳೆಹನ್ನು" ಎಂದಾಗ, ಅದೇ ಪಟ್ನಾದವರು, "ಮೇಡಂ, ಅಲ್ಲಿ ಚುಕ್ಕೆ ಬೇಡವಾ?" ಎಂದು ಕೇಳಿ ನನ್ನನ್ನೇ ತಿದ್ದಿದರು.

ಪುಸ್ತಕದ ಸಂಭಾಷಣೆಗಳ ಬಗ್ಗೆ ನನಗೆ ಮೊದಲಿನಿಂದಲೂ ದೂರಿಲ್ಲ. "ಹೋಗುತ್ತೇನೆ" ಎಂಬ ಗ್ರಾಂಥಿಕ ರೂಪದ ಬದಲು ಈ ಊರಿನವರು ಆಡುವ "ಹೋಗ್ತೀನಿ"ಯನ್ನೇ ಕೊಟ್ಟಿದ್ದಾರೆ, "ಚಿಲ್ರೆ ಇದ್ಯಾ?" ಎಂಬ ಪ್ರಶ್ನೆ ಮೂರನೆಯ ಪಾಠದಲ್ಲೇ ಬರುತ್ತದೆ. ಜೊತೆಗೆ ಕೂತು ಪದಗಳನ್ನು ಉಚ್ಚರಿಸಿ ತೋರಿಸುವ ಕನ್ನಡಿಗರೊಬ್ಬರು ಇದ್ದರೆ ಕೊಳ್ಳಬಹುದು. ಒಬ್ಬರೇ ಕುಳಿತು ಕಲಿಯುವವರು ಹೆಚ್ಚು ಹಣ ಕೊಟ್ಟಾದರೂ ಕನ್ನಡ ಲಿಪಿಯಿರುವ ಪುಸ್ತಕವನ್ನೇ ತೆಗೆದುಕೊಳ್ಳುವುದು ಒಳ್ಳೆಯದು. ಮೊನ್ನೆ ಬಂದ ಹೊಸ ಮುದ್ರಣವನ್ನೂ ತೆರೆದು ನೋಡಿದೆ: ಹನ್ನೊಂದನೆಯ ಪಾಠದಲ್ಲಿ ಆ ಮೂರೂ ಪದಗಳು ಹಾಗೆಯೇ ಇವೆ.